ಪ್ರೊಟೀನ್ ಜೋಡಿ ಬಿಡಿಸುವ ಕ್ಯಾನ್ಸರ್ ಔಷಧಿ: ಕೋಲಾರದಲ್ಲಿ ನನ್ನನ್ನು ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಕೋಲಾರದವಳು. ಬಂಗಾರಪೇಟೆಯಿಂದ ದಿನಾ ರೈಲು ಹತ್ತಿ ಬೆಂಗಳೂರಿನ ಒಂದು ಲ್ಯಾಬಿಗೆ ಕೆಲಸಕ್ಕೆ ಹೋಗುತ್ತೇನೆ. ಅಲ್ಲಿ ನನ್ನದು ಕ್ಯಾನ್ಸರ್ ಔಷಧಿ ಹುಡುಕುವ ಕೆಲಸ, ಅದಕ್ಕೆ ಸ್ಕ್ರೀನಿಂಗ್ ಅಂತಾರೆ. ಇದು ಗೊತ್ತಾದ ಮೇಲೆ ಜನ ಸುಮ್ನೆ ಬಿಡುವುದಿಲ್ಲ. ರೈಲಿನಲ್ಲಿ ಕನ್ನಡ, ತೆಲುಗು, ತಮಿಳು ಮೂರರಲ್ಲೂ ಕೇಳುತ್ತಾರೆ. ಮದುವೆ ಮನೆಯಲ್ಲಿ ಊಟದ ಎಲೆ ಮುಂದೆ ಕೂತಾಗಲೂ ಕೇಳುತ್ತಾರೆ. ಕೇಳುವವರಲ್ಲಿ ಅರ್ಧ ಜನರ ಮನೆಯಲ್ಲಿ ಒಬ್ಬ ರೋಗಿ ಇರುತ್ತಾರೆ. ಅದಕ್ಕೇ ನಿಧಾನವಾಗಿ ಕೂತು ಬರೆದಿದ್ದೇನೆ.

ಸ್ಕ್ರೀನಿಂಗ್ ಅಂದ್ರೆ ಆಸ್ಪತ್ರೆಯಲ್ಲಿ ಮಾಡುವ ತಪಾಸಣೆಯಾ?

ಅಲ್ಲ. ಕ್ಯಾಂಪಿನಲ್ಲಿ ಬಾಯಿ, ಸ್ತನ, ಗರ್ಭಕಂಠ ನೋಡುವುದಕ್ಕೂ ಸ್ಕ್ರೀನಿಂಗ್ ಅಂತಾರೆ. ಅದು ಜನರಲ್ಲಿ ರೋಗ ಹುಡುಕುವುದು. ನಮ್ಮದು ರಾಸಾಯನಿಕಗಳಲ್ಲಿ ಔಷಧಿ ಹುಡುಕುವುದು. ಲಕ್ಷ ರಾಸಾಯನಿಕ ಇಟ್ಟುಕೊಂಡು, ನಮಗೆ ಬೇಕಾದ ಕೆಲಸ ಮಾಡುವುದು ಇದರಲ್ಲಿ ಯಾವುದಾದರೂ ಇದೆಯಾ ಅಂತ ಒಂದೊಂದಾಗಿ ಪರೀಕ್ಷೆ ಮಾಡುತ್ತೇವೆ.

ಪ್ರೊಟೀನ್ ಬೇಳೆ, ಮೊಟ್ಟೆಯಲ್ಲಿ ಇರೋದಲ್ವಾ? ಅದನ್ನು ಯಾಕೆ ತಡೀಬೇಕು?

ತಿನ್ನುವ ಪ್ರೊಟೀನನ್ನು ಯಾರೂ ತಡೆಯುತ್ತಿಲ್ಲ, ದಯವಿಟ್ಟು ರೋಗಿಗೆ ಬೇಳೆ, ಮೊಟ್ಟೆ ನಿಲ್ಲಿಸಬೇಡಿ. ಈ ಪ್ರಶ್ನೆ ಎಷ್ಟು ಸಲ ಬಂದಿದೆ ಅಂದರೆ ಮೊದಲೇ ಹೇಳಿಬಿಡುತ್ತೇನೆ.

ನಾವು ತಿಂದ ಪ್ರೊಟೀನು ಹೊಟ್ಟೆಯಲ್ಲಿ ಪುಡಿಯಾಗುತ್ತದೆ. ಆ ಪುಡಿಯಿಂದ ಜೀವಕೋಶ ತನಗೆ ಬೇಕಾದ ಸಾವಿರಾರು ಬೇರೆ ಬೇರೆ ಪ್ರೊಟೀನುಗಳನ್ನು ಕಟ್ಟಿಕೊಳ್ಳುತ್ತದೆ. ಅವು ಕೋಶದ ಒಳಗಿನ ಕೆಲಸಗಾರರು. ಒಂದು ಬೆಳೆಯುವುದಕ್ಕೆ ಸೂಚನೆ ಕೊಡುತ್ತದೆ, ಇನ್ನೊಂದು ನಿಲ್ಲಿಸುತ್ತದೆ, ಮತ್ತೊಂದು ಕೆಟ್ಟುಹೋದ ಡಿಎನ್‌ಎ ರಿಪೇರಿ ಮಾಡುತ್ತದೆ. ಜಾಸ್ತಿ ಕೆಲಸಗಳು ಆಗುವುದು ಒಂದು ಪ್ರೊಟೀನು ಇನ್ನೊಂದನ್ನು ಹಿಡಿದುಕೊಂಡಾಗಲೇ. ಆ ಹಿಡಿತವನ್ನೇ ಪ್ರೊಟೀನ್ ಜೋಡಣೆ ಅನ್ನುತ್ತಿದ್ದೇನೆ.

ಇದಕ್ಕೂ ಕ್ಯಾನ್ಸರಿಗೂ ಏನು ಸಂಬಂಧ?

ಒಂದೇ ಉದಾಹರಣೆ ಸಾಕು. ಪಿ53 ಅಂತ ಒಂದು ಪ್ರೊಟೀನು ಇದೆ. 1979ರಲ್ಲಿ ಪತ್ತೆಯಾಯಿತು. ಕೋಶದ ಡಿಎನ್‌ಎಗೆ ಪೆಟ್ಟು ಬಿದ್ದರೆ, "ಇನ್ನು ನೀನು ಎರಡಾಗಬೇಡ" ಅಂತ ತಡೆಯುವುದು ಇದೇ. ರಿಪೇರಿ ಆಗದಷ್ಟು ಕೆಟ್ಟಿದ್ದರೆ ಕೋಶ ತಾನಾಗಿಯೇ ಸಾಯುವ ಹಾಗೆ ಮಾಡುವುದೂ ಇದೇ. ಸುಮಾರು ಅರ್ಧದಷ್ಟು ಕ್ಯಾನ್ಸರುಗಳಲ್ಲಿ ಪಿ53 ತಾನೇ ಕೆಟ್ಟುಹೋಗಿರುತ್ತದೆ. ಉಳಿದವುಗಳಲ್ಲಿ ಎಷ್ಟೋ ಕಡೆ ಪಿ53 ನೆಟ್ಟಗಿರುತ್ತದೆ, ಆದರೆ ಎಂಡಿಎಂ2 ಅನ್ನುವ ಇನ್ನೊಂದು ಪ್ರೊಟೀನು ಅದನ್ನು ಗಟ್ಟಿಯಾಗಿ ಹಿಡಿದು, ಕೋಶದ ಕಸಕ್ಕೆ ಹಾಕಿಸುತ್ತಿರುತ್ತದೆ.

ಆ ಹಿಡಿತ ಬಿಡಿಸಿದರೆ? ಒಳಗೇ ಇರುವ ಪಿ53 ಎದ್ದು ತನ್ನ ಕೆಲಸ ಮಾಡಬಹುದು. ಹೊರಗಿನಿಂದ ವಿಷ ಹಾಕಿ ಕೊಲ್ಲುವ ಬದಲು, ಕೋಶದ ಒಳಗಿನವನ ಕೈ ಬಿಡಿಸುವುದು. ನಾನು ಈ ಕೆಲಸಕ್ಕೆ ಬಂದಿದ್ದೇ ಈ ಒಂದು ಯೋಚನೆ ಹಿಡಿಸಿ.

ಹಿಡಿತ ಬಿಡಿಸೋದು ಅಷ್ಟು ಕಷ್ಟನಾ?

ತುಂಬಾ ಕಷ್ಟ. ಬಹಳ ವರ್ಷ ದೊಡ್ಡ ಕಂಪನಿಗಳೇ "ಇದು ಆಗುವ ಕೆಲಸ ಅಲ್ಲ" ಅಂತ ಬಿಟ್ಟಿದ್ದವು.

ನಮಗೆ ಗೊತ್ತಿರುವ ಜಾಸ್ತಿ ಔಷಧಿಗಳು ಪ್ರೊಟೀನಿನ ಒಂದು ಗುಂಡಿಯಲ್ಲಿ ಹೋಗಿ ಕೂರುತ್ತವೆ. ಒರಳುಕಲ್ಲಿನ ಗುಂಡಿ ನೆನಪು ಮಾಡಿಕೊಳ್ಳಿ. ಅದರೊಳಗೆ ಒಂದು ಕಲ್ಲು ಹಾಕಿದರೆ ರುಬ್ಬುವ ಕೆಲಸ ನಿಂತಿತು. ಆದರೆ ಎರಡು ಪ್ರೊಟೀನು ಒಂದನ್ನೊಂದು ತಾಗುವ ಜಾಗ ಹಾಗಿರುವುದಿಲ್ಲ. ಅಗಲವಾಗಿ, ಚಪ್ಪಟೆಯಾಗಿ ಇರುತ್ತದೆ. ಸಾಮಾನ್ಯ ಔಷಧಿ ಕೂರುವ ಗುಂಡಿ 300ರಿಂದ 1000 ಚದರ ಆಂಗ್‌ಸ್ಟ್ರಾಂ ಇದ್ದರೆ, ಈ ತಾಗುವ ಜಾಗ 1500ರಿಂದ 3000 ಇರುತ್ತದೆ. ಆಂಗ್‌ಸ್ಟ್ರಾಂ ಅಂದರೆ ಒಂದು ಮಿಲಿಮೀಟರಿನ ಕೋಟಿಯಲ್ಲಿ ಒಂದು ಪಾಲು. ಅಷ್ಟು ಅಗಲ ಒತ್ತಿಕೊಂಡಿರುವ ಎರಡರ ನಡುವೆ ಒಂದು ಪುಟ್ಟ ಅಣು ಹೋಗಿ ಏನು ಮಾಡೀತು?

ಇದಕ್ಕೆ ಉತ್ತರ ನಮ್ಮ ಅಜ್ಜಿ ಮನೆಯ ರಾಗಿ ಬೀಸುವ ಕಲ್ಲಿನಲ್ಲಿದೆ ಅಂತ ನನಗೆ ಯಾವಾಗಲೂ ಅನ್ನಿಸುತ್ತದೆ. ಎರಡು ಚಪ್ಪಟೆ ಕಲ್ಲು, ಒಂದರ ಮೇಲೊಂದು. ತಾಗುವ ಜಾಗ ಅಷ್ಟಗಲ. ಆದರೆ ಮೇಲಿನ ಕಲ್ಲನ್ನು ಜಾಗದಲ್ಲಿ ಹಿಡಿದಿಡುವುದು ನಡುವಿನ ಒಂದು ಗೂಟ. ಆ ಗೂಟ ಸೇರುವ ತೂತಿನಲ್ಲಿ ಒಂದು ಹುಣಸೆ ಬೀಜ ಸಿಕ್ಕಿಕೊಂಡರೂ ಮೇಲಿನ ಕಲ್ಲು ಕೂರುವುದಿಲ್ಲ.

ಪ್ರೊಟೀನಿನಲ್ಲೂ ಹೀಗೇ. 1995ರಲ್ಲಿ ಕ್ಲಾಕ್ಸನ್ ಮತ್ತು ವೆಲ್ಸ್ ಅನ್ನುವ ಇಬ್ಬರು ವಿಜ್ಞಾನಿಗಳು ಬೆಳವಣಿಗೆಯ ಹಾರ್ಮೋನು ಮತ್ತು ಅದನ್ನು ಹಿಡಿಯುವ ಪ್ರೊಟೀನಿನ ನಡುವಿನ ಜಾಗ ಪರೀಕ್ಷಿಸಿದರು. ಅಷ್ಟಗಲ ತಾಗುತ್ತಿದ್ದರೂ ನಿಜವಾದ ಬಿಗಿ ಬರುವುದು ನಡುವಿನ ಸಣ್ಣ ಜಾಗದಿಂದ ಅಂತ ತೋರಿಸಿದರು. ಅದಕ್ಕೆ ಹಾಟ್‌ಸ್ಪಾಟ್ ಅಂತ ಹೆಸರು. ಮರುವರ್ಷ ಪಿ53 ಮತ್ತು ಎಂಡಿಎಂ2 ಹಿಡಿತದ ಆಕಾರ ಗೊತ್ತಾಯಿತು. ಪ್ರೊಟೀನು ಕಟ್ಟುವ ಪುಟ್ಟ ಮಣಿಗಳಿಗೆ ಅಮೈನೋ ಆಮ್ಲ ಅಂತಾರೆ. ಪಿ53ರ ಅಂಥ ಮೂರೇ ಮೂರು ಮಣಿಗಳು ಮೂರು ಮೊಳೆಗಳ ಹಾಗೆ ಎಂಡಿಎಂ2ರ ಗುಂಡಿಗೆ ಇಳಿದಿದ್ದವು. ಗೂಟ ಸಿಕ್ಕಿತು! 2004ರಲ್ಲಿ ರೋಶ್ ಕಂಪನಿಯವರು ಆ ಮೂರು ಮೊಳೆಯ ಜಾಗದಲ್ಲಿ ಹೋಗಿ ಕೂರುವ ಅಣುಗಳನ್ನು ಪ್ರಕಟಿಸಿದರು. ಅವರ ಲ್ಯಾಬು ಇದ್ದದ್ದು ಅಮೆರಿಕದ ನಟ್ಲಿ ಅನ್ನುವ ಊರಿನಲ್ಲಿ. ಅಣುವಿಗೆ ಊರಿನ ಹೆಸರನ್ನೇ ಸೇರಿಸಿ ನಟ್ಲಿನ್ ಅಂತ ಇಟ್ಟರು. ನನಗೆ ಇದು ಬಹಳ ಇಷ್ಟ.

ಸಣ್ಣ ಅಣುವೇ ಯಾಕೆ ಬೇಕು? ದೊಡ್ಡದನ್ನು ಬಳಸಬಾರದಾ?

ಆಂಟಿಬಾಡಿಯಂಥ ದೊಡ್ಡ ಔಷಧಿಗಳು ಅಗಲ ಜಾಗವನ್ನು ಚೆನ್ನಾಗಿ ಮುಚ್ಚುತ್ತವೆ. ಆದರೆ ಅವು ಕೋಶದ ಹೊರಗೇ ಉಳಿಯುತ್ತವೆ, ಗೋಡೆ ದಾಟುವುದಿಲ್ಲ. ಪಿ53 ಇರುವುದು ಒಳಗೆ. ಸಣ್ಣ ಅಣು ಗೋಡೆ ದಾಟುತ್ತದೆ, ಎಷ್ಟೋ ಸಲ ಮಾತ್ರೆಯಾಗಿ ನುಂಗಬಹುದು.

ಲ್ಯಾಬಿನಲ್ಲಿ ದಿನಾ ಏನು ಮಾಡ್ತೀರಿ?

ಅಂಗೈ ಅಗಲದ ಪ್ಲಾಸ್ಟಿಕ್ ಪ್ಲೇಟು. ಅದರಲ್ಲಿ 16 ಸಾಲು, 24 ಕಂಬ, ಒಟ್ಟು 384 ಪುಟ್ಟ ಗುಳಿಗಳು. ಅಳಗುಳಿ ಮಣೆಯನ್ನು ಕುಗ್ಗಿಸಿ ಕುಗ್ಗಿಸಿ ಮಾಡಿದ ಹಾಗಿರುತ್ತದೆ. ಒಂದೊಂದು ಗುಳಿಗೂ ಒಂದೊಂದು ರಾಸಾಯನಿಕ. ಎರಡು ಕಂಬ ಹೋಲಿಕೆಗೆ ಅಂತ ಬಿಡುತ್ತೇವೆ. ಒಂದರಲ್ಲಿ ಹಿಡಿತ ಪೂರ್ತಿ ಇರುತ್ತದೆ, ಇನ್ನೊಂದರಲ್ಲಿ ಪೂರ್ತಿ ಬಿಟ್ಟಿರುತ್ತದೆ. ಉಳಿದದ್ದು 352. ಒಂದು ಲಕ್ಷ ರಾಸಾಯನಿಕ ನೋಡಬೇಕಾದರೆ ಸುಮಾರು 285 ಪ್ಲೇಟು ಬೇಕು. ಹನಿ ಹಾಕುವುದು ರೋಬೋಟು. ಆದರೂ ಕಣ್ಣಿಟ್ಟು ಕೂರಬೇಕು.

ಹಿಡಿತ ಬಿಟ್ಟಿದೆಯೋ ಇಲ್ಲವೋ ಹೇಗೆ ಗೊತ್ತಾಗುತ್ತದೆ? ಒಂದು ಪ್ರೊಟೀನಿನ ಗೂಟದಷ್ಟು ಭಾಗವನ್ನು ಮಾತ್ರ ತೆಗೆದುಕೊಂಡು ಅದಕ್ಕೆ ಹೊಳೆಯುವ ಬಣ್ಣ ಅಂಟಿಸುತ್ತೇವೆ. ಅದು ಚಿಕ್ಕದು, ನೀರಿನಲ್ಲಿ ಗಿರ್ರನೆ ತಿರುಗುತ್ತಿರುತ್ತದೆ, ಬುಗುರಿಯ ಹಾಗೆ. ದೊಡ್ಡ ಪ್ರೊಟೀನಿಗೆ ಅಂಟಿಕೊಂಡರೆ ತಿರುಗುವುದು ನಿಧಾನವಾಗುತ್ತದೆ. ಒಂದೇ ದಿಕ್ಕಿನ ಬೆಳಕು ಹಾಯಿಸಿದಾಗ, ನಿಧಾನವಾಗಿ ತಿರುಗುವುದು ಬೆಳಕನ್ನು ಅದೇ ದಿಕ್ಕಿನಲ್ಲಿ ವಾಪಸ್ ಕೊಡುತ್ತದೆ. ಜೋರಾಗಿ ತಿರುಗುವುದು ದಿಕ್ಕು ಚೆದುರಿಸಿಬಿಡುತ್ತದೆ. ಹೊಸ ರಾಸಾಯನಿಕ ಹಾಕಿದ ಗುಳಿಯಲ್ಲಿ ಬೆಳಕು ಚೆದುರಿತು ಅಂದರೆ, ಗೂಟ ಬಿಟ್ಟುಕೊಂಡಿರಬಹುದು.

"ಇರಬಹುದು" ಅಂದೆ, ಗಮನಿಸಿ.

ಚಿಕ್ಕ ಚಿಕ್ಕ ವಿಷಯವೂ ಕೆಲಸ ಕೆಡಿಸುತ್ತದೆ. ರಾಸಾಯನಿಕಗಳನ್ನು ಡಿಎಂಎಸ್‌ಒ ಅನ್ನುವ ದ್ರವದಲ್ಲಿ ಕರಗಿಸಿ ಇಡುತ್ತೇವೆ. ಅದು ಸುಮಾರು 18.5 ಡಿಗ್ರಿಗೇ ಗಟ್ಟಿಯಾಗುತ್ತದೆ. ಡಿಸೆಂಬರಿನ ಬೆಳಗ್ಗೆ ಲ್ಯಾಬಿಗೆ ಹೋದರೆ ಬಾಟಲಿಯೊಳಗೆ ಕೊಬ್ಬರಿ ಎಣ್ಣೆ ಗಟ್ಟಿಯಾದ ಹಾಗೆ ಬೆಳ್ಳಗೆ ಕೂತಿರುತ್ತದೆ. ಪೂರ್ತಿ ಕರಗುವ ಮೊದಲೇ ಅವಸರ ಮಾಡಿ ಹನಿ ತೆಗೆದರೆ, ಎಷ್ಟು ಔಷಧಿ ಬಂತು ಅನ್ನುವುದೇ ಸುಳ್ಳಾಗುತ್ತದೆ. ಪ್ಲೇಟಿನ ಅಂಚಿನ ಗುಳಿಗಳಲ್ಲಿ ನೀರು ಬೇಗ ಆರುತ್ತದೆ. ಬೇಸಿಗೆಯಲ್ಲಿ ಎಸಿ ಗಾಳಿ ನೇರವಾಗಿ ಬಿದ್ದರಂತೂ ಇನ್ನೂ ಜಾಸ್ತಿ. ನಾನು ಕೆಲಸಕ್ಕೆ ಸೇರಿದ ಮೊದಲ ತಿಂಗಳು ಒಂದು ಇಡೀ ದಿನದ ಪ್ಲೇಟುಗಳು ಹೀಗೇ ಹೋದವು.

ಒಂದು ಗುಳಿಯಲ್ಲಿ ಕೆಲಸ ಮಾಡಿದ್ರೆ ಔಷಧಿ ಸಿಕ್ಕ ಹಾಗೆ ಅಲ್ವಾ?

ಅಲ್ಲ. ಪೇಪರಿನಲ್ಲಿ, ವಾಟ್ಸಾಪಿನಲ್ಲಿ "ಕ್ಯಾನ್ಸರಿಗೆ ಔಷಧಿ ಪತ್ತೆ" ಅಂತ ಬರುವ ಸುದ್ದಿಗಳಲ್ಲಿ ಜಾಸ್ತಿ ಈ ಹಂತದವೇ. ಗುಳಿಯಲ್ಲಿ "ಹೌದು" ಅಂದದ್ದಕ್ಕೆ ಹಿಟ್ ಅಂತಾರೆ. ಹಿಟ್‌ಗಳಲ್ಲಿ ಬಹುಪಾಲು ಸುಳ್ಳು ಹೌದುಗಳು. ನಮ್ಮ ಕೆಲಸದಲ್ಲಿ ಹುಡುಕುವುದಕ್ಕಿಂತ ತೆಗೆದುಹಾಕುವುದೇ ಜಾಸ್ತಿ.

ಒಂದು ಸಲ ನನಗೆ ಒಂದು ಗುಳಿಯಲ್ಲಿ ಹಿಡಿತ ಪೂರ್ತಿ ಬಿಟ್ಟಿದ್ದು ಕಾಣಿಸಿತು. ಆ ಸಂಜೆ ರೈಲಿನಲ್ಲಿ ಸೀಟು ಸಿಗದೆ ನಿಂತೇ ಬಂದೆ, ಕಾಲು ನೋವು ಗೊತ್ತಾಗಲಿಲ್ಲ. ಮಾರನೇ ದಿನ ಮತ್ತೆ ಮಾಡಿದೆ, ಮತ್ತೆ ಹೌದು. ಮೂರನೇ ದಿನ ಅದೇ ಪರೀಕ್ಷೆಗೆ ಚೂರೇ ಚೂರು ಸೋಪಿನಂಥ ದ್ರವ ಸೇರಿಸಿದೆ, 0.01 ಪರ್ಸೆಂಟು. ಎಲ್ಲ ಮಾಯ. ಏನಾಗಿತ್ತು ಅಂದರೆ, ಆ ರಾಸಾಯನಿಕ ನೀರಿನಲ್ಲಿ ಕರಗದೆ ಮುದ್ದೆ ಕಟ್ಟಿಕೊಂಡು, ಸಿಕ್ಕ ಸಿಕ್ಕ ಪ್ರೊಟೀನನ್ನೆಲ್ಲ ಮೈಗೆ ಅಂಟಿಸಿಕೊಂಡಿತ್ತು. ಸೋಪು ಆ ಮುದ್ದೆಯನ್ನು ಒಡೆಯಿತು. ಗೂಟದ ತೂತಿಗೂ ಅದಕ್ಕೂ ಸಂಬಂಧವೇ ಇರಲಿಲ್ಲ. ಅಳು ಬಂತು. ಆದರೆ ಮೂರನೇ ದಿನವೇ ಗೊತ್ತಾಗಿದ್ದು ಒಳ್ಳೆಯದು. ಮೂರನೇ ವರ್ಷ ಗೊತ್ತಾಗಿದ್ದರೆ?

ಸೋಪಿನ ಪರೀಕ್ಷೆ ದಾಟಿದರೂ ಮುಗಿಯುವುದಿಲ್ಲ. ಬೆಳಕಿನ ವಿಧಾನದಲ್ಲಿ ಹೌದು ಅಂದದ್ದು, ಬೆಳಕೇ ಇಲ್ಲದ ಬೇರೆ ವಿಧಾನದಲ್ಲೂ ಹೌದು ಅನ್ನಬೇಕು. ಪ್ರೊಟೀನಿನ ಯಾವ ಜಾಗದಲ್ಲಿ ಕೂತಿದೆ ಅಂತ ಎನ್‌ಎಂಆರ್ (ದೊಡ್ಡ ಅಯಸ್ಕಾಂತದಿಂದ ಅಣುಗಳನ್ನು ನೋಡುವ ಯಂತ್ರ) ಅಥವಾ ಎಕ್ಸ್‌ರೇಯಿಂದ ನೋಡಬೇಕು. ಆಮೇಲೆ ಜೀವಕೋಶ, ಆಮೇಲೆ ಇಲಿ, ಅದೆಲ್ಲ ಆದ ಮೇಲೆ ಮನುಷ್ಯರು.

ಅರಿಶಿನ ಕ್ಯಾನ್ಸರಿಗೆ ಒಳ್ಳೇದು ಅಂತಾರೆ, ರಿಸರ್ಚ್ ಕೂಡ ಆಗಿದೆಯಂತೆ?

ಆಗಿದೆ. ಅರಿಶಿನದ ಕರ್ಕ್ಯುಮಿನ್ ಬಗ್ಗೆ ಸಾವಿರಾರು ಪ್ರಬಂಧಗಳಿವೆ. ತೊಂದರೆ ಇರುವುದೇ ಅಲ್ಲಿ. ಕರ್ಕ್ಯುಮಿನ್ ನಮ್ಮ ಪ್ಲೇಟಿನಲ್ಲಿ ಹೆಚ್ಚು ಕಡಿಮೆ ಎಲ್ಲದಕ್ಕೂ ಹೌದು ಅನ್ನುತ್ತದೆ. ತಾನೇ ಹೊಳೆಯುತ್ತದೆ, ಹಾಗಾಗಿ ಬೆಳಕಿನ ಪರೀಕ್ಷೆ ಮೋಸ ಹೋಗುತ್ತದೆ. ಮುದ್ದೆ ಕಟ್ಟುತ್ತದೆ. ಪ್ರೊಟೀನುಗಳ ಜೊತೆ ರಾಸಾಯನಿಕವಾಗಿ ಅಂಟಿಕೊಳ್ಳುತ್ತದೆ. ಬೇಗ ಒಡೆದೂ ಹೋಗುತ್ತದೆ. ಹೀಗೆ ಎಲ್ಲಾ ಕಡೆ ಹೌದು ಅನ್ನುವ ಅಣುಗಳಿಗೆ 2010ರಲ್ಲಿ ಬೇಯಲ್ ಮತ್ತು ಹಾಲೋವೇ ಅನ್ನುವ ವಿಜ್ಞಾನಿಗಳು ಪೇನ್ಸ್ ಅಂತ ಹೆಸರಿಟ್ಟರು. 2017ರಲ್ಲಿ ಕರ್ಕ್ಯುಮಿನ್ ಬಗ್ಗೆಯೇ ಒಂದು ದೊಡ್ಡ ವಿಮರ್ಶೆ ಬಂತು. ಮನುಷ್ಯರ ಮೇಲೆ 120ಕ್ಕೂ ಹೆಚ್ಚು ಟ್ರಯಲ್ ನಡೆದಿದ್ದರೂ, ಸರಿಯಾದ ಹೋಲಿಕೆ ಇಟ್ಟು ಮಾಡಿದ ಒಂದರಲ್ಲೂ ಅದು ಗೆದ್ದಿಲ್ಲ ಅಂತ ಅದರಲ್ಲಿ ಬರೆದರು. ತಿಂದ ಕರ್ಕ್ಯುಮಿನ್ ರಕ್ತಕ್ಕೆ ಸೇರುವುದೇ ಬಹಳ ಕಡಿಮೆ.

ಸಾರಿಗೆ ಅರಿಶಿನ ಹಾಕಿ. ನಾನೂ ಹಾಕುತ್ತೇನೆ. ಔಷಧಿ ಅಂತ ಪುಡಿಗಟ್ಟಲೆ, ಕ್ಯಾಪ್ಸೂಲುಗಟ್ಟಲೆ ತಿನ್ನುವ ಮೊದಲು ಡಾಕ್ಟರಿಗೆ ಹೇಳಿ.

ಈ ದಾರಿಯಲ್ಲಿ ನಿಜವಾಗಲೂ ಒಂದು ಔಷಧಿಯಾದರೂ ಬಂದಿದೆಯಾ?

ಬಂದಿದೆ. ಹೆಸರು ವೆನಿಟೊಕ್ಲಾಕ್ಸ್. ಇದರ ಕಥೆ ಪೂರ್ತಿ ಕೇಳಬೇಕು.

ಬಿಸಿಎಲ್-2 ಅಂತ ಒಂದು ಪ್ರೊಟೀನು. ಕೋಶ ಬೇಗ ಬೆಳೆಯುವ ಹಾಗೆ ಮಾಡುವುದು ಇದರ ಕೆಲಸ ಅಲ್ಲ, ಸಾಯಬೇಕಾದ ಕೋಶ ಸಾಯದ ಹಾಗೆ ನೋಡಿಕೊಳ್ಳುವುದು ಅಂತ 1988ರಲ್ಲಿ ಆಸ್ಟ್ರೇಲಿಯಾದ ಮೆಲ್ಬರ್ನಿನಲ್ಲಿ ಗೊತ್ತಾಯಿತು. ಸಾವಿನ ಸೂಚನೆ ತರುವ ಪ್ರೊಟೀನುಗಳನ್ನು ಇದು ತನ್ನ ಮೈಯ ಒಂದು ಉದ್ದನೆಯ ಕಾಲುವೆಯಲ್ಲಿ ಹಿಡಿದಿಟ್ಟುಕೊಳ್ಳುತ್ತದೆ. ಕೆಲವು ರಕ್ತದ ಕ್ಯಾನ್ಸರುಗಳು ಬದುಕಿರುವುದೇ ಇದರಿಂದ.

ಅಮೆರಿಕದ ಅಬಾಟ್ ಕಂಪನಿಯವರು ಇಡೀ ಕಾಲುವೆ ತುಂಬುವ ಅಣುವನ್ನು ಒಂದೇ ಸಲಕ್ಕೆ ಹುಡುಕಲಿಲ್ಲ. ಕಾಲುವೆಯ ಒಂದು ಕಡೆ ಸಡಿಲವಾಗಿ ಕೂರುವ ಒಂದು ತುಣುಕು, ಪಕ್ಕದಲ್ಲಿ ಕೂರುವ ಇನ್ನೊಂದು ತುಣುಕು, ಎರಡನ್ನೂ ಎನ್‌ಎಂಆರ್ ಯಂತ್ರದಲ್ಲಿ ಹುಡುಕಿ ಗಂಟು ಹಾಕಿದರು. 2005ರಲ್ಲಿ ಎಬಿಟಿ-737 ಬಂತು. ಕೆಲಸ ಮಾಡಿತು, ಆದರೆ ನುಂಗುವ ಮಾತ್ರೆ ಆಗಲಿಲ್ಲ. ಅದನ್ನು ತಿದ್ದಿ ನ್ಯಾವಿಟೊಕ್ಲಾಕ್ಸ್ ಮಾಡಿದರು. ನುಂಗಬಹುದಿತ್ತು, ಆದರೆ ರೋಗಿಗಳ ಪ್ಲೇಟ್‌ಲೆಟ್ ಬಿದ್ದುಹೋಯಿತು. ಡೆಂಗ್ಯೂ ಬಂದಾಗ ನಾವೆಲ್ಲ ಎಣಿಸುತ್ತೇವಲ್ಲ, ಅದೇ ಪ್ಲೇಟ್‌ಲೆಟ್. ಯಾಕೆ ಅಂದರೆ ಬಿಸಿಎಲ್-2ಗೆ ಒಂದು ತಂಗಿ ಇದೆ, ಬಿಸಿಎಲ್-ಎಕ್ಸ್‌ಎಲ್. ಪ್ಲೇಟ್‌ಲೆಟ್ ಬದುಕುವುದು ಅವಳನ್ನು ನಂಬಿಕೊಂಡು. ಔಷಧಿ ಅಕ್ಕನ ಜೊತೆ ತಂಗಿಯನ್ನೂ ಕಟ್ಟಿಹಾಕುತ್ತಿತ್ತು.

ಮತ್ತೆ ಕೂತು, ಅಕ್ಕನನ್ನು ಮಾತ್ರ ಹಿಡಿಯುವ ಹಾಗೆ ತಿದ್ದಿದರು. ಅದೇ ವೆನಿಟೊಕ್ಲಾಕ್ಸ್. 2016ರ ಏಪ್ರಿಲ್‌ನಲ್ಲಿ ಅಮೆರಿಕದಲ್ಲಿ ಔಷಧಿಗಳಿಗೆ ಒಪ್ಪಿಗೆ ಕೊಡುವ ಸರ್ಕಾರಿ ಸಂಸ್ಥೆ ಎಫ್‌ಡಿಎ ಒಪ್ಪಿಗೆ ಕೊಟ್ಟಿತು, ಸಿಎಲ್‌ಎಲ್ ಅನ್ನುವ ರಕ್ತದ ಕ್ಯಾನ್ಸರಿನ ಒಂದು ಕಷ್ಟದ ಬಗೆಗೆ. 1988ರಿಂದ ಲೆಕ್ಕ ಹಾಕಿ, 28 ವರ್ಷ.

ಇದು ಎಷ್ಟು ಜೋರು ಅಂದರೆ ಮೊದಲ ದಿನವೇ ಪೂರ್ತಿ ಡೋಸ್ ಕೊಡುವ ಹಾಗಿಲ್ಲ. ಸಿಎಲ್‌ಎಲ್‌ನಲ್ಲಿ 20 ಮಿಲಿಗ್ರಾಂನಿಂದ ಶುರು ಮಾಡಿ ವಾರ ವಾರಕ್ಕೆ 50, 100, 200, ಐದನೇ ವಾರಕ್ಕೆ 400. ಕ್ಯಾನ್ಸರ್ ಕೋಶಗಳು ಒಟ್ಟಿಗೆ ಸತ್ತರೆ ಅವುಗಳ ಒಳಗಿನದೆಲ್ಲ ರಕ್ತಕ್ಕೆ ಸುರಿದು ಕಿಡ್ನಿ, ಹೃದಯಕ್ಕೆ ಅಪಾಯ.

ಬೇರೆ?

ರೆವ್ಯುಮೆನಿಬ್. ಮೆನಿನ್ ಅನ್ನುವ ಪ್ರೊಟೀನಿನ ಹಿಡಿತ ಬಿಡಿಸುತ್ತದೆ. ಒಂದು ಬಗೆಯ ತೀವ್ರ ರಕ್ತ ಕ್ಯಾನ್ಸರಿಗೆ 2024ರ ನವೆಂಬರಿನಲ್ಲಿ ಎಫ್‌ಡಿಎ ಒಪ್ಪಿತು. ಸೋತದ್ದೂ ಇದೆ. ನಟ್ಲಿನ್ ವಂಶದ ಇಡಾಸನಟ್ಲಿನ್ ಮನುಷ್ಯರ ದೊಡ್ಡ ಟ್ರಯಲ್‌ವರೆಗೆ ಬಂದು 2020ರಲ್ಲಿ ನಿಂತಿತು. ಗೂಟದ ತೂತಿನಲ್ಲಿ ಅಷ್ಟು ಚೆಂದ ಕೂರುವ ಅಣು, ರೋಗಿಯ ಆಯಸ್ಸು ಹೆಚ್ಚಿಸಲಿಲ್ಲ.

ನಮ್ಮ ಬಾಯಿ ಕ್ಯಾನ್ಸರಿಗೆ ಇಂಥ ಔಷಧಿ ಇದೆಯಾ?

ಕೋಲಾರದಲ್ಲಿ ನನ್ನನ್ನು ಅತೀ ಹೆಚ್ಚು ಕೇಳುವುದು ಇದನ್ನೇ. ಯಾಕೆ ಅಂತ ನಮಗೆಲ್ಲ ಗೊತ್ತು. ನಮ್ಮ ಕಡೆ ಹೆಂಗಸರು ಎಲೆ ಅಡಿಕೆ ಜೊತೆ ಹೊಗೆಸೊಪ್ಪು ಸೇರಿಸಿ ಕೆನ್ನೆಯಲ್ಲಿ ಒತ್ತಿಟ್ಟುಕೊಳ್ಳುತ್ತಾರೆ, ಎಷ್ಟೋ ಜನ ಹಾಗೇ ಮಲಗುತ್ತಾರೆ. ಕೆನ್ನೆಯ ಒಳಗಿನ ಕ್ಯಾನ್ಸರ್ ಅಲ್ಲೇ ಶುರುವಾಗುತ್ತದೆ. ಹೊಗೆಸೊಪ್ಪು ಇಲ್ಲದ ಬರೀ ಅಡಿಕೆಯೂ ಕ್ಯಾನ್ಸರ್ ತರುತ್ತದೆ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ 2004ರಲ್ಲೇ ಹೇಳಿದೆ.

ವೆನಿಟೊಕ್ಲಾಕ್ಸ್ ರಕ್ತದ ಕ್ಯಾನ್ಸರಿನ ಔಷಧಿ, ಬಾಯಿ ಕ್ಯಾನ್ಸರಿಗೆ ಅಲ್ಲ. ಬಾಯಿ ಕ್ಯಾನ್ಸರಿಗೆ ಇವತ್ತಿಗೂ ಮುಖ್ಯ ಚಿಕಿತ್ಸೆ ಆಪರೇಷನ್, ಬೇಕಾದರೆ ರೇಡಿಯೇಷನ್ ಮತ್ತು ಕೀಮೋ. ಬೇಗ ಹೋದರೆ ಚೆನ್ನಾಗಿ ಗುಣವಾಗುತ್ತದೆ.

ನಮ್ಮ ಚಿಕ್ಕಮ್ಮನಿಗೆ ಆಪರೇಷನ್ ಆಗಿ, 30 ಸಲ ರೇಡಿಯೇಷನ್ ಬರೆದಿದ್ದರು. ಚಿಕ್ಕಮ್ಮ 11ಕ್ಕೆ ನಿಲ್ಲಿಸಿದರು. ಬಾಯಿ ಹುಣ್ಣಾಗಿ ಗಂಜಿಯೂ ಇಳಿಯುತ್ತಿರಲಿಲ್ಲ. ಅದೇ ಹೊತ್ತಿಗೆ ಒಬ್ಬರು ಮನೆಗೆ ಬಂದು ಒಂದು ಪುಡಿ ಕೊಟ್ಟರು. "ಲ್ಯಾಬಿನಲ್ಲಿ ಕ್ಯಾನ್ಸರ್ ಕೋಶ ಸತ್ತಿದೆ" ಅಂತ ಅಚ್ಚು ಮಾಡಿದ ಹಾಳೆ ತೋರಿಸಿದರು. ನಾನಾಗ ಹಾಸ್ಟೆಲಿನಲ್ಲಿದ್ದೆ. ಆ ಹಾಳೆ ಆಮೇಲೆ ನೋಡಿದೆ. ಪ್ಲಾಸ್ಟಿಕ್ ತಟ್ಟೆಯೊಳಗಿನ ಕೋಶಗಳ ಫೋಟೋ. ತಟ್ಟೆಯಲ್ಲಿ ಕೋಶ ಸಾಯಿಸುವುದಕ್ಕೆ ಉಪ್ಪು ಜಾಸ್ತಿ ಸುರಿದರೂ ಸಾಕು. ಎಂಟು ತಿಂಗಳಲ್ಲಿ ಚಿಕ್ಕಮ್ಮ ಹೋದರು. ಪೂರ್ತಿ ರೇಡಿಯೇಷನ್ ತಗೊಂಡಿದ್ದರೆ ಉಳಿಯುತ್ತಿದ್ದರು ಅಂತ ನಾನು ಹೇಳಲಾರೆ. ಆದರೆ ಆ ಅವಕಾಶವನ್ನು ಆ ಹಾಳೆ ಕಿತ್ತುಕೊಂಡಿತು.

ಆ ಬಾಯಿಹುಣ್ಣಿಗೆ ಔಷಧಿ ಇದೆ. ನೋವು ತಡೆಯುವ ದ್ರವ ಕೊಡುತ್ತಾರೆ, ಮೂಗಿನಲ್ಲಿ ಟ್ಯೂಬ್ ಹಾಕಿ ಊಟ ಕೊಡುತ್ತಾರೆ. ತಡೆಯಲಾಗದಿದ್ದರೆ ನಿಲ್ಲಿಸುವ ಮೊದಲು ಡಾಕ್ಟರಿಗೆ ಬಾಯಿಬಿಟ್ಟು ಹೇಳಿ.

ಬೆಂಗಳೂರಿನಲ್ಲೂ ಇಂಥ ಸಂಶೋಧನೆ ಆಗ್ತಿದೆಯಾ?

ಹೌದು. ಜಿಕೆವಿಕೆ ಆವರಣದಲ್ಲಿರುವ ಇನ್‌ಸ್ಟೆಮ್ ಮತ್ತು ಎನ್‌ಸಿಬಿಎಸ್ ಅನ್ನುವ ಸಂಶೋಧನಾ ಸಂಸ್ಥೆಗಳ ವಿಜ್ಞಾನಿಗಳು 2018ರಲ್ಲಿ ಬ್ರಾಕ್ಟಾಪಿನ್ ಅನ್ನುವ ಅಣು ಪ್ರಕಟಿಸಿದರು. ಸ್ತನ ಕ್ಯಾನ್ಸರಿನ ವಿಚಾರದಲ್ಲಿ ಕೇಳುವ ಬಿಆರ್‌ಸಿಎ1 ಪ್ರೊಟೀನು ಬೇರೆ ಪ್ರೊಟೀನುಗಳನ್ನು ಗುರುತು ಹಿಡಿಯುವ ಜಾಗವನ್ನು ಅದು ಮುಚ್ಚುತ್ತದೆ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಡಿಸಾರಿಬ್ ಅನ್ನುವ ಅಣುವಿನ ಕೆಲಸ ನಡೆಯಿತು. ಅದು ಬಿಸಿಎಲ್-2 ಮತ್ತು ಬಾಕ್ ಅನ್ನುವ ಪ್ರೊಟೀನಿನ ಹಿಡಿತ ಬಿಡಿಸುತ್ತದೆ ಅಂತ 2017ರಲ್ಲಿ ಬರೆದರು. ಇವು ಲ್ಯಾಬಿನ ಅಣುಗಳು. ಅಂಗಡಿಯಲ್ಲಿ ಕೇಳಬೇಡಿ.

ಕಂಪ್ಯೂಟರ್, ಎಐ ಬಂದ ಮೇಲೂ ಪ್ಲೇಟು ಯಾಕೆ?

ಕಂಪ್ಯೂಟರ್ ಕೋಟಿಗಟ್ಟಲೆ ಅಣುಗಳನ್ನು ಪರದೆಯ ಮೇಲೆ ಗುಂಡಿಗೆ ಕೂರಿಸಿ ನೋಡಿ, ಪಟ್ಟಿ ಚಿಕ್ಕದು ಮಾಡಿಕೊಡುತ್ತದೆ. ಪ್ರೊಟೀನಿನ ಆಕಾರ ಊಹಿಸುವ ಆಲ್ಫಾಫೋಲ್ಡ್ ಅನ್ನುವ ಎಐ ಪ್ರೋಗ್ರಾಂ ಮಾಡಿದವರಿಗೆ 2024ರ ರಸಾಯನಶಾಸ್ತ್ರ ನೊಬೆಲ್‌ನಲ್ಲಿ ಪಾಲು ಸಿಕ್ಕಿತು. ಆದರೆ ಪ್ರೊಟೀನು ಕಲ್ಲಲ್ಲ, ಅಲುಗಾಡುತ್ತಿರುತ್ತದೆ. ಪರದೆಯ ಮೇಲೆ ಕೂತದ್ದು ನೀರಿನಲ್ಲಿ ಕೂರುತ್ತದಾ ಅಂತ ಗುಳಿಯಲ್ಲೇ ನೋಡಬೇಕು.

ನಮ್ಮ ಹಿತ್ತಲಿನ ಗಿಡಗಳಲ್ಲಿ ಔಷಧಿ ಇಲ್ವಾ?

ಇದೆ. ನಿತ್ಯಪುಷ್ಪ, ಕೆಲವರು ಕಾಶಿಕಣಗಿಲೆ ಅನ್ನುತ್ತಾರೆ, ಕಾಂಪೌಂಡ್ ಪಕ್ಕ ನೀರಿಲ್ಲದೆಯೂ ಹೂ ಬಿಡುತ್ತದಲ್ಲ, ಅದರಿಂದಲೇ ವಿನ್‌ಬ್ಲಾಸ್ಟಿನ್ ಮತ್ತು ವಿನ್‌ಕ್ರಿಸ್ಟಿನ್ ಬಂದವು. ಮಕ್ಕಳ ರಕ್ತ ಕ್ಯಾನ್ಸರಿಗೆ ಇವತ್ತಿಗೂ ವಿನ್‌ಕ್ರಿಸ್ಟಿನ್ ಕೊಡುತ್ತಾರೆ. ಅದೂ ಒಂದು ರೀತಿ ಜೋಡಣೆ ತಡೆಯುವುದೇ: ಟ್ಯುಬುಲಿನ್ ಅನ್ನುವ ಪ್ರೊಟೀನಿನ ಇಟ್ಟಿಗೆಗಳು ಒಂದರ ಮೇಲೊಂದು ಕೂರದ ಹಾಗೆ ಮಾಡುತ್ತದೆ. ಹಾಗಂತ ಎಲೆ ಅಗಿಯಬೇಡಿ, ಗಿಡ ವಿಷ. ಒಂದು ಗ್ರಾಂ ಔಷಧಿ ತೆಗೆಯುವುದಕ್ಕೆ ನೂರಾರು ಕಿಲೋ ಒಣಗಿದ ಎಲೆ ಬೇಕು.

ಮಗಳು ಬಿಎಸ್‌ಸಿ ಓದ್ತಿದ್ದಾಳೆ, ಕನ್ನಡ ಮೀಡಿಯಂ. ಈ ಕೆಲಸಕ್ಕೆ ಬರಬಹುದಾ?

ಖಂಡಿತ ಬರಬಹುದು, ನಾನೂ ಹತ್ತನೇ ಕ್ಲಾಸಿನವರೆಗೆ ಕನ್ನಡ ಮೀಡಿಯಮ್ಮೇ. ಕೆಮಿಸ್ಟ್ರಿ, ಬಯೋಕೆಮಿಸ್ಟ್ರಿ, ಫಾರ್ಮಸಿ ಯಾವುದಾದರೂ ಸರಿ. ಕೋಲಾರದ ಟಮಕದಲ್ಲೇ ಬೆಂಗಳೂರು ಉತ್ತರ ವಿಶ್ವವಿದ್ಯಾಲಯ ಇದೆ. ಎಂಎಸ್‌ಸಿಗೆ ಐಐಎಸ್‌ಸಿ, ಐಐಟಿಗಳಿಗೆ ಜಾಮ್ ಪರೀಕ್ಷೆ ಬರೆಯಲಿ. ಇಂಗ್ಲಿಷ್ ಎರಡು ವರ್ಷದಲ್ಲಿ ಬರುತ್ತದೆ. ಕೈ ನಡುಗದೆ ಒಂದು ಹನಿ ಹಾಕುವುದು, ಬಂದ ಲೆಕ್ಕವನ್ನು ಬಂದ ಹಾಗೇ ಬರೆಯುವುದು, ಇವಕ್ಕೆ ಮೀಡಿಯಂ ಇಲ್ಲ.

ಮನೆಯವರನ್ನು ಹೊಸ ಔಷಧಿಯ ಟ್ರಯಲ್‌ಗೆ ಸೇರಿಸಬಹುದಾ?

ಕೇಳಿ, ತಪ್ಪೇನಿಲ್ಲ. ಚಿಕಿತ್ಸೆ ಕೊಡುತ್ತಿರುವ ಕ್ಯಾನ್ಸರ್ ಡಾಕ್ಟರನ್ನೇ ಮೊದಲು ಕೇಳಿ. ಹೊಸೂರು ರಸ್ತೆಯ ಕಿದ್ವಾಯಿ ಆಸ್ಪತ್ರೆಗೆ ನಮ್ಮ ಕಡೆಯಿಂದ ಬಹಳ ಜನ ಹೋಗುತ್ತಾರೆ, ಅಲ್ಲೂ ವಿಚಾರಿಸಬಹುದು. ಭಾರತದಲ್ಲಿ ನಡೆಯುವ ಔಷಧಿ ಟ್ರಯಲ್‌ಗಳೆಲ್ಲ ಸಿಟಿಆರ್‌ಐ ಅನ್ನುವ ಸರ್ಕಾರಿ ಪಟ್ಟಿಯಲ್ಲಿ ದಾಖಲಾಗಬೇಕು. ಆ ಪಟ್ಟಿ ಇಂಟರ್ನೆಟ್ಟಿನಲ್ಲಿ ಯಾರು ಬೇಕಾದರೂ ನೋಡಬಹುದು. ನಂಬರ್ ಕೇಳಿ ತೆಗೆದುಕೊಳ್ಳಿ. ಪರೀಕ್ಷೆಯ ಔಷಧಿಗೆ ದುಡ್ಡು ಕೇಳಿದರೆ ಎದ್ದು ಬನ್ನಿ. ಒಪ್ಪಿಗೆ ಪತ್ರ ನಿಮಗೆ ಅರ್ಥವಾಗುವ ಭಾಷೆಯಲ್ಲಿ ಇರಬೇಕು. ಇಂಗ್ಲಿಷಿನದ್ದು ಕೊಟ್ಟರೆ ಕನ್ನಡದ್ದು ಕೇಳಿ, ಮನೆಗೆ ತಂದು ಓದಿ, ಮಾರನೇ ದಿನ ಸಹಿ ಹಾಕಿ. ನಡುವೆ ಯಾವಾಗ ಬೇಕಾದರೂ ಬಿಟ್ಟು ಬರಬಹುದು, ಅದರಿಂದ ಮಾಮೂಲಿ ಚಿಕಿತ್ಸೆ ನಿಲ್ಲಬಾರದು.

ಮಾಮೂಲಿ ಚಿಕಿತ್ಸೆಯ ಖರ್ಚಿಗೆ ಬಿಪಿಎಲ್ ಕಾರ್ಡ್ ಇದ್ದರೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ವರ್ಷಕ್ಕೆ ಕುಟುಂಬಕ್ಕೆ 5 ಲಕ್ಷ ರೂಪಾಯಿವರೆಗೆ ಸಿಗುತ್ತದೆ. ಆಧಾರ್, ರೇಷನ್ ಕಾರ್ಡ್, ಬಯಾಪ್ಸಿ ರಿಪೋರ್ಟ್ ಮೂರನ್ನೂ ಒಂದೇ ಕವರಿನಲ್ಲಿ ಇಟ್ಟುಕೊಂಡು ಹೋಗಿ. ಬಯಾಪ್ಸಿ ರಿಪೋರ್ಟಿನ ಎರಡು ಜೆರಾಕ್ಸ್ ಜಾಸ್ತಿ ಇರಲಿ.